ಒಂದು ಮಾತಿನ ಅಳತೆ

ಪರಭಾಷೆಯನ್ನು ಕಲಿಯುವವನಿಗೆ ದೊಡ್ಡ ದೊಡ್ಡ ಮಾತುಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. 'ಟೆಲಿಸ್ಕೋಪ್' ಎಂಬ ಮಾತು ಎಷ್ಟೇ ಉದ್ದವಾಗಿದ್ದರೂ ದೂರದರ್ಶಕ ಎಂಬ ಅದರ ಅರ್ಥವನ್ನು ಒಮ್ಮೆ ಕಲಿತರೆ ಮುಗಿಯಿತು. ಅದು ಜೀವಮಾನವೆಲ್ಲ ಹಾಗೆಯೇ ನಿಲ್ಲುತ್ತದೆ. ತೊಂದರೆ ಕೊಡುವುವು ಚಿಕ್ಕ ಮಾತುಗಳು. ಅವುಗಳಲ್ಲಿಯೂ ಮನುಷ್ಯರ ಗುಣವನ್ನು ಹೇಳುವ ವಿಶೇಷಣಗಳು. ಇಂಗ್ಲಿಷಿನ 'ಮಾಡೆಸ್ಟ್' ಎಂಬುದು ಅಂಥದೊಂದು ಮಾತು. ಕೇಳುವುದಕ್ಕೆ ಎರಡೇ ಉಚ್ಚಾರಾಂಶಗಳು. ಆದರೆ ಅದನ್ನು ಸರಿಯಾಗಿ ಬಳಸಬಲ್ಲವರು, ಇಂಗ್ಲಿಷನ್ನು ಹತ್ತಾರು ವರ್ಷ ಓದಿದವರಲ್ಲಿಯೂ ವಿರಳ.

ನಿಘಂಟನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವ ಅರ್ಥ 'ವಿನಯಶೀಲ' ಎಂದು. ವಿದ್ಯಾರ್ಥಿಯು ಅದನ್ನು ಬರೆದುಕೊಂಡು, ಬಾಯಿಪಾಠ ಮಾಡಿ, ನಿಶ್ಚಿಂತನಾಗುತ್ತಾನೆ. ಮರುದಿನ ಇಂಗ್ಲಿಷ್ ವೃತ್ತಪತ್ರಿಕೆಯನ್ನು ತಿರುವಿಹಾಕುವಾಗ ಕಾಫಿಯ ಬೆಲೆಯಲ್ಲಿ 'ಎ ಮಾಡೆಸ್ಟ್ ರೈಸ್' ಕಂಡುಬಂದಿದೆ ಎಂಬ ಸುದ್ದಿ ಅವನಿಗೆ ಎದುರಾಗುತ್ತದೆ. ಬೇಲೂರಿನ ಕಡೆಯ ಹುಡುಗನಾದರೆ ಕಾಫಿಯ ಬೆಲೆಯ ವಿಷಯವನ್ನು ಓದದೆ ಬಿಡುವಂತಿಲ್ಲ. ಆದರೆ ಬೆಲೆಯು ವಿನಯಶೀಲವಾಗಿ ಏರುವುದೆಂದರೇನು? ಅದು ಕೈಮುಗಿದುಕೊಂಡು ಏರಿತೆ? ಮುಂದಿನ ಪುಟದಲ್ಲಿ ಯಾರೋ ಒಬ್ಬರು 'ಎ ಮಾಡೆಸ್ಟ್ ಹೌಸ್' ಒಂದರಲ್ಲಿ ವಾಸವಾಗಿದ್ದರೆಂದು ಬರೆದಿದೆ. ವಿನಯವುಳ್ಳ ಮನೆ! ಮತ್ತೊಂದೆಡೆ ಉಡುಪನ್ನು ಕುರಿತೂ ಅದೇ ಮಾತು ಬಂದಿದೆ. ವಿದ್ಯಾರ್ಥಿಯು ಮತ್ತೆ ನಿಘಂಟಿಗೆ ಹೋದರೆ ಅಲ್ಲಿ ವಿನಯಶೀಲ ಎಂಬುದರ ಬೆನ್ನಿಗೆ ಮಿತವಾದ, ಸಾಧಾರಣವಾದ, ಆಡಂಬರವಿಲ್ಲದ, ಮರ್ಯಾದೆಯುಳ್ಳ ಎಂಬ ಅರ್ಥಗಳ ಸಾಲೇ ನಿಂತಿರುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಇಷ್ಟೊಂದು ಅರ್ಥಗಳು ಒಂದು ಮಾತಿನೊಳಗೆ ಹೇಗೆ ಸೇರಿಕೊಂಡುವು?

ಈ ಪ್ರಶ್ನೆಗೆ ಉತ್ತರ ಮಾತಿನ ಬೇರಿನಲ್ಲಿದೆ. 'ಮಾಡೆಸ್ಟ್' ಎಂಬುದು 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮಾತು. ಅದರ ಮೂಲ ಲ್ಯಾಟಿನ್ ಭಾಷೆಯ 'ಮೋಡೆಸ್ಟುಸ್'. ಅದಕ್ಕೂ ಮೂಲವಾದುದು 'ಮೋದುಸ್'. 'ಮೋದುಸ್' ಎಂದರೆ ಅಳತೆ. ಅಳತೆಯನ್ನು ಮೀರದೆ ಇರುವಂಥದು ಯಾವುದೋ ಅದು 'ಮಾಡೆಸ್ಟ್'. ಮಿತಿಯಲ್ಲಿರುವ ಎಂಬ ಅರ್ಥದ 'ಮಾಡರೇಟ್' ಎಂಬ ಮಾತೂ, ಮಾದರಿ ಎಂಬ ಅರ್ಥದ 'ಮಾಡೆಲ್' ಎಂಬ ಮಾತೂ ಇದೇ ಬೇರಿನಿಂದ ಚಿಗುರಿದವು. ಹೊಸಕಾಲದ ಎಂಬ ಅರ್ಥದ 'ಮಾಡರ್ನ್' ಕೂಡ ಇದೇ ಮನೆತನಕ್ಕೆ ಸೇರಿದುದೆಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಇದೀಗ, ಈ ಗಳಿಗೆಯಲ್ಲಿ ಎಂಬುದನ್ನು ಸೂಚಿಸುತ್ತಿದ್ದ ಲ್ಯಾಟಿನ್ ಮಾತಿನಿಂದ ಅದು ಬಂದಿತು, ಆ ಮಾತು ಅಳತೆಯ ಮಾತಿನಿಂದ ಹುಟ್ಟಿತು.

ಅಳತೆ ಎಂಬ ಈ ಒಂದು ಬೀಗದಕೈ ಸಿಕ್ಕಿದರೆ ನಿಘಂಟಿನ ಅರ್ಥಗಳೆಲ್ಲ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಬೆಲೆಯಲ್ಲಿ 'ಮಾಡೆಸ್ಟ್' ಏರಿಕೆ ಎಂದರೆ ಅಳತೆ ಮೀರದ, ಸ್ವಲ್ಪಮಟ್ಟಿನ ಏರಿಕೆ. 'ಮಾಡೆಸ್ಟ್' ಮನೆ ಎಂದರೆ ಬಡವರ ಗುಡಿಸಲೂ ಅಲ್ಲ, ಬಂಗಲೆಯೂ ಅಲ್ಲ. ಇರುವವರಿಗೆ ಸಾಕಾಗುವಷ್ಟು ಇರುವ, ಹೆಚ್ಚಿನ ಅಲಂಕಾರವಿಲ್ಲದ ಮನೆ. 'ಮಾಡೆಸ್ಟ್' ಆದಾಯ ಎಂದರೆ ಸಂಸಾರ ಸಾಗುವಷ್ಟು ವರಮಾನ. 'ಮಾಡೆಸ್ಟ್' ಉಡುಪು ಎಂದರೆ ನೋಡುವವರ ಕಣ್ಣನ್ನು ಎಳೆಯಬೇಕೆಂಬ ಹಂಬಲವಿಲ್ಲದ ಉಡುಪು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅರಿತ ಕನ್ನಡಿಗನಿಗೆ ಈ ಭಾವನೆ ಹೊಸದೇನೂ ಅಲ್ಲ. ಅಂತೆಯೇ 'ಮಾಡೆಸ್ಟ್' ಆದ ಮನುಷ್ಯ ಎಂದರೆ ತನ್ನ ಯೋಗ್ಯತೆಯ ಹಾಸಿಗೆಯನ್ನು ಮೀರಿ ಮಾತಿನ ಕಾಲನ್ನು ಚಾಚದವನು. ಹಳೆಯ ಕನ್ನಡ ಮಾತಿನಲ್ಲಿ ಹೇಳುವುದಾದರೆ, ತನ್ನ ಅಳವನ್ನು ಅರಿತವನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಳತೆಯನ್ನು ಮೀರದಿರುವುದು ಬೇರೆ, ಅಳತೆಗಿಂತ ಕುಗ್ಗುವುದು ಬೇರೆ. ಬಟ್ಟೆಯ ಅಂಗಡಿಯವನು ಮೂರು ಮೀಟರನ್ನು ನಾಲ್ಕೆಂದರೆ ಮೋಸ. ಎರಡೆಂದರೂ ಅದು ಸರಿಯಾದ ಅಳತೆಯಲ್ಲ. ಉತ್ತರ ತಿಳಿದಿದ್ದೂ ತರಗತಿಯಲ್ಲಿ ಕೈಯೆತ್ತದೆ ತಲೆ ತಗ್ಗಿಸಿ ಕುಳಿತುಕೊಳ್ಳುವ ಹುಡುಗಿಯನ್ನು ಕುರಿತು 'ಮಾಡೆಸ್ಟ್' ಎನ್ನುವುದು ಸರಿಯಾಗದು. ಆಕೆ ಸಂಕೋಚದ ಸ್ವಭಾವದವಳು. ಅದಕ್ಕೆ ಇಂಗ್ಲಿಷಿನಲ್ಲಿ 'ಶೈ' ಎಂಬ ಬೇರೆ ಮಾತಿದೆ. ಕೈಯೆತ್ತಿ, ಸರಿಯಾದ ಉತ್ತರವನ್ನು ಹೇಳಿ, ಅದನ್ನೇ ದಿನವಿಡೀ ಹೇಳಿಕೊಂಡು ತಿರುಗದ ಹುಡುಗಿ 'ಮಾಡೆಸ್ಟ್'. ಈ ಭೇದವನ್ನು ತಿಳಿಯದೆ ಎಷ್ಟೋ ಮಂದಿ ಸಂಕೋಚವನ್ನೇ ವಿನಯವೆಂದು ಭಾವಿಸಿ, ಹೇಳಬೇಕಾದ ಕಡೆ ಬಾಯಿಮುಚ್ಚಿಕೊಂಡು, ಆಮೇಲೆ ಒಳಗೊಳಗೇ ಕೊರಗುವುದುಂಟು. ನೌಕರಿಗೆ ಅರ್ಜಿ ಬರೆಯುವವನು ತನಗೆ ಬೆರಳಚ್ಚು ಬರುತ್ತದೆ, ಮೂರು ಭಾಷೆಗಳು ಬರುತ್ತವೆ ಎಂದು ನಿಜವನ್ನು ಬರೆದರೆ ವಿನಯಕ್ಕೆ ಕುಂದಿಲ್ಲ. ಬರೆಯದೆ ಬಿಟ್ಟರೆ ಕುಂದು ಅವನ ಅರ್ಜಿಗೆ.

ಮಾತಿನ ಬಳಕೆಯಲ್ಲಿ ಇನ್ನೊಂದು ವಿಚಿತ್ರವೂ ಉಂಟು. ತನ್ನ ಮನೆಯನ್ನು, ತನ್ನ ಸಂಬಳವನ್ನು, ತನ್ನ ಪ್ರಯತ್ನವನ್ನು 'ಮಾಡೆಸ್ಟ್' ಎಂದು ಯಾರು ಬೇಕಾದರೂ ಕರೆದುಕೊಳ್ಳಬಹುದು. ಅದು ಸಭ್ಯತೆಯ ಮಾತೇ ಆಗುತ್ತದೆ. ಆದರೆ 'ಐ ಆ್ಯಮ್ ಮಾಡೆಸ್ಟ್' ಎಂದು ಹೇಳಿಕೊಂಡವನು ಆ ಕ್ಷಣದಲ್ಲಿಯೇ ಆ ಗುಣವನ್ನು ಕಳೆದುಕೊಳ್ಳುತ್ತಾನೆ. ವಿನಯವನ್ನು ಕೊಚ್ಚಿಕೊಳ್ಳಲು ಬರುವುದಿಲ್ಲ. ಆದುದರಿಂದ ವ್ಯಕ್ತಿಯ ಗುಣವನ್ನು ಹೇಳುವಾಗ ಈ ಮಾತನ್ನು ಇನ್ನೊಬ್ಬರ ವಿಷಯದಲ್ಲಿ ಮಾತ್ರ ಬಳಸುವುದು ವಾಡಿಕೆ. ಯಾವುದರ ವಿಷಯದಲ್ಲಿ ವಿನಯ ಎಂಬುದನ್ನು ಹೇಳಬೇಕಾದರೆ 'ಅಬೌಟ್' ಎಂಬ ಅವ್ಯಯವನ್ನು ಸೇರಿಸುತ್ತಾರೆ: 'ಶಿ ಈಸ್ ಮಾಡೆಸ್ಟ್ ಅಬೌಟ್ ಹರ್ ಸಕ್ಸೆಸ್' ಎಂದರೆ, ತನ್ನ ಯಶಸ್ಸನ್ನು ಕುರಿತು ಆಕೆ ಹೆಚ್ಚಿಗೆ ಹೇಳಿಕೊಳ್ಳುವವಳಲ್ಲ ಎಂದು ಅರ್ಥ. ನಾಮಪದ 'ಮಾಡೆಸ್ಟಿ', ಕ್ರಿಯಾವಿಶೇಷಣ 'ಮಾಡೆಸ್ಟ್ಲಿ'. ವ್ಯಾಕರಣದ ಭಾಗ ಇಷ್ಟೇ.

ಇದರ ನೆರೆಯಲ್ಲಿಯೇ ನಿಲ್ಲುವ 'ಹಂಬಲ್' ಎಂಬ ಮಾತನ್ನೂ ಇದರೊಡನೆ ಬೆರೆಸಿಬಿಡುವುದು ಸಾಮಾನ್ಯ. 'ಹಂಬಲ್' ಎಂಬುದರ ಮೂಲ ಅಳತೆಯಲ್ಲ, ಮಣ್ಣು. ಲ್ಯಾಟಿನ್ನಿನ 'ಹುಮುಸ್' ಎಂದರೆ ನೆಲ. ನೆಲಕ್ಕೆ ಹತ್ತಿರವಾದುದು, ತಗ್ಗಿನಲ್ಲಿರುವುದು 'ಹಂಬಲ್'. ಕನ್ನಡದಲ್ಲಿ 'ತಗ್ಗಿಬಗ್ಗಿ ನಡೆಯುವುದು' ಎಂಬ ನುಡಿಗಟ್ಟು ಇದಕ್ಕೆ ಬಹು ಸಮೀಪವಾದುದು. ಸಂಸ್ಕೃತದಿಂದ ಬಂದಿರುವ 'ನಮ್ರ' ಎಂಬ ಮಾತಿನಲ್ಲಿಯೂ ಬಾಗುವ ಅರ್ಥವೇ ಇದೆ. ಆದರೆ 'ವಿನಯ' ಎಂಬುದರ ಧಾತು ಬೇರೆ. ಅದಕ್ಕೆ ಸರಿಯಾದ ದಾರಿಯಲ್ಲಿ ನಡೆಸುವುದು, ಪಳಗಿಸುವುದು, ಶಿಕ್ಷಣ ಕೊಡುವುದು ಎಂದು ಅರ್ಥ. ವಿದ್ಯೆಯನ್ನೂ ವಿನಯವನ್ನೂ ಹಿರಿಯರು ಜೊತೆಗೂಡಿಸಿ ಹೇಳುತ್ತಿದ್ದುದು ಇದರಿಂದಲೇ. ಹೀಗೆ ಬಾಗುವ ಮಾತೊಂದು, ಪಳಗುವ ಮಾತೊಂದು, ಅಳೆಯುವ ಮಾತೊಂದು. ಮೂರನ್ನೂ 'ವಿನಯ' ಎಂಬ ಒಂದೇ ಚೀಲಕ್ಕೆ ತುಂಬಿದರೆ ಗೊಂದಲವಾಗದೆ ಇರುವುದಿಲ್ಲ.

ಬಾಗುವುದರಲ್ಲಿ ಒಂದು ಅಪಾಯವೂ ಇದೆ. ಬಾಗಿದಂತೆ ನಟಿಸಬಹುದು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು 1849-50ರಲ್ಲಿ ಪ್ರಕಟಿಸಿದ 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯಲ್ಲಿ ಯುರೈಯಾ ಹೀಪ್ ಎಂಬ ಗುಮಾಸ್ತನೊಬ್ಬನಿದ್ದಾನೆ. ತಾನು ಬಹಳ 'ಹಂಬಲ್' ಎಂದು ಹೇಳಿಕೊಳ್ಳದೆ ಅವನಿಗೆ ಮಾತೇ ಮುಂದುವರಿಯುವುದಿಲ್ಲ. ಅದರ 'ಹ'ಕಾರವನ್ನು ನುಂಗಿ 'ಅಂಬಲ್' ಎನ್ನುತ್ತಾನೆ. ಹೀಗೆ ಕೈ ಹೊಸೆಯುತ್ತಲೇ ಅವನು ಯಜಮಾನನ ಲೆಕ್ಕಪತ್ರಗಳನ್ನೆಲ್ಲ ತನ್ನ ವಶ ಮಾಡಿಕೊಳ್ಳುತ್ತಾನೆ. ಹುಸಿವಿನಯವನ್ನು ಕುರಿತು ಉಪನ್ಯಾಸ ಮಾಡುವುದಕ್ಕಿಂತ ಆ ಪಾತ್ರವನ್ನು ಓದುವುದು ಮೇಲು. 'ಮಾಡೆಸ್ಟ್' ಎಂಬ ಮಾತನ್ನೇ ವ್ಯಂಗ್ಯದ ಅಲಗನ್ನಾಗಿ ಬಳಸಿದವನು ಜೊನಾಥನ್ ಸ್ವಿಫ್ಟ್. 1729ರಲ್ಲಿ ಅವನು ಬರೆದ 'ಎ ಮಾಡೆಸ್ಟ್ ಪ್ರಪೋಸಲ್' ಎಂಬ ಪುಸ್ತಿಕೆಯ ಹೆಸರನ್ನು ನೋಡಿದವರು ಅದರಲ್ಲೇನೋ ಸಣ್ಣ ಸಲಹೆ ಇರಬೇಕೆಂದುಕೊಳ್ಳುತ್ತಾರೆ. ಐರ್ಲೆಂಡಿನ ಬಡವರು ತಮ್ಮ ಮಕ್ಕಳನ್ನು ಸಿರಿವಂತರ ಊಟಕ್ಕೆ ಮಾರಿಕೊಳ್ಳಲಿ ಎಂಬುದು ಅದರೊಳಗಿನ ಸಲಹೆ! ಬಡವರ ವಿಷಯದಲ್ಲಿ ಕಲ್ಲಾಗಿದ್ದ ಆಳುವವರ ಮನಸ್ಸನ್ನು ತಿವಿಯಲೆಂದು ಬರೆದುದು ಅದು. ಅಳತೆಯನ್ನು ಪೂರ್ತಿ ಮೀರಿದ ಒಂದು ಮಾತಿಗೆ ಅಳತೆಯ ಹೆಸರನ್ನಿಟ್ಟದ್ದರಲ್ಲಿಯೇ ಅದರ ಮೊನಚೆಲ್ಲ ಇದೆ.

ನಮ್ಮ ಕಡೆ ಅತಿಥಿಗಳಿಗೆ ಎಲೆ ತುಂಬ ಬಡಿಸಿ, "ಏನೂ ಮಾಡಿಲ್ಲ, ಬರೀ ಅನ್ನ ಸಾರು" ಎನ್ನುವ ಮನೆಯವರನ್ನು ಮಾತ್ರ ಹೀಪನ ಸಾಲಿಗೆ ಸೇರಿಸಬಾರದು. ಕೇಳುವವರಿಗೂ ಹೇಳುವವರಿಗೂ ಎಲೆಯ ಮೇಲಿರುವುದೇನೆಂಬುದು ಕಾಣುತ್ತಲೇ ಇರುತ್ತದೆ. ಅಲ್ಲಿ ಮೋಸವಿಲ್ಲ, ಉಪಚಾರವಷ್ಟೇ.

ಮಾತಿನ ಅರ್ಥವನ್ನು ತಿಳಿದ ಮೇಲೆ ಅದನ್ನು ಒರೆಗಲ್ಲಿಗೆ ಹಚ್ಚಿ ನೋಡಬೇಕು. ಅದಕ್ಕೆ ಬೇಲೂರಿಗಿಂತ ಒಳ್ಳೆಯ ಸ್ಥಳ ದೊರೆಯುವುದು ಕಷ್ಟ. ಹಾಸನ ಜಿಲ್ಲೆಯ ಈ ಊರು ಯಗಚಿ ನದಿಯ ದಡದಲ್ಲಿದೆ. ಶಾಸನಗಳಲ್ಲಿ ಇದಕ್ಕೆ ವೇಲಾಪುರಿ ಎಂಬ ಹೆಸರುಂಟು. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಇಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಮಾಡಿಸಿದನು. ಆ ದೇವನೇ ಜನರ ಬಾಯಲ್ಲಿ ಚೆನ್ನಕೇಶವನಾದನು. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಬಿಸಿಲಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಕಡೆದ ಆ ಶಿಲ್ಪಗಳ ವರ್ಣನೆ ಇಲ್ಲಿ ಅವಶ್ಯವಿಲ್ಲ. ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಂತ ಮದನಿಕೆಯರನ್ನು ನೋಡಿದವರು ಮರೆಯುವುದಿಲ್ಲ. ಅವರ ಸಂಖ್ಯೆಯನ್ನು 42 ಎಂದು ಎಣಿಸುವುದು ವಾಡಿಕೆ. ಅವರಲ್ಲಿ ದರ್ಪಣಸುಂದರಿಯ ಹೆಸರು ಪ್ರಸಿದ್ಧವಾದುದು. ಕನ್ನಡಿ ಹಿಡಿದು ನಿಂತ ಆಕೆಯನ್ನು ಗರ್ವಿಷ್ಠೆ ಎನ್ನುವವರಿದ್ದಾರೆ. ಪಾಪ, ಕನ್ನಡಿಯು ಇದ್ದುದಕ್ಕಿಂತ ಹೆಚ್ಚೇನನ್ನೂ ತೋರಿಸುವುದಿಲ್ಲವಷ್ಟೆ.

ಭಾರತದ ಪ್ರಾಚೀನ ಶಿಲ್ಪಿಗಳು ತಮ್ಮ ಹೆಸರನ್ನು ಎಲ್ಲಿಯೂ ಹೇಳಿಕೊಳ್ಳಲಿಲ್ಲ, ಅದೇ ಅವರ ದೊಡ್ಡತನ ಎಂದು ಹೊಗಳುವ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಬೇಲೂರಿಗೆ ಬಂದರೆ ಆ ಹೊಗಳಿಕೆ ನಿಲ್ಲುವುದಿಲ್ಲ. ಇಲ್ಲಿನ ಎಷ್ಟೋ ವಿಗ್ರಹಗಳ ಪಾದಪೀಠದ ಮೇಲೆ ಕಡೆದವರ ಹೆಸರುಗಳು ಕನ್ನಡ ಅಕ್ಷರಗಳಲ್ಲಿ ನಿಂತಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಮಲ್ಲಿಯಣ್ಣ, ಚಿಕ್ಕಹಂಪ, ಮಲ್ಲೋಜ ಮೊದಲಾದವರು ಎಂಟುನೂರು ಒಂಬೈನೂರು ವರ್ಷಗಳ ಆಚೆಯಿಂದ ತಮ್ಮ ಹೆಸರನ್ನು ಹೇಳುತ್ತಿದ್ದಾರೆ. ಮದನಿಕೆಯರಲ್ಲಿ ನಾಲ್ವರನ್ನು ದಾಸೋಜನೂ ಐವರನ್ನು ಚಾವಣನೂ ಕಡೆದರೆಂದು ಈ ಬರಹಗಳಿಂದ ತಿಳಿದುಬಂದಿದೆ. ಬಳ್ಳಿಗಾವೆಯು ಇಂದಿನ ಶಿವಮೊಗ್ಗ ಜಿಲ್ಲೆಯ ಊರು; ಚಾಲುಕ್ಯರ ಕಾಲದಲ್ಲಿ ವಿದ್ಯೆಗೂ ಶಿಲ್ಪಕ್ಕೂ ಹೆಸರಾಗಿದ್ದುದು. ಅಲ್ಲಿಂದ ತಂದೆಮಕ್ಕಳಿಬ್ಬರೂ ಉಳಿಸುತ್ತಿಗೆಗಳೊಡನೆ ಬೇಲೂರಿಗೆ ಬಂದರು. ಅವರ ಹೆಸರುಗಳ ಕೊನೆಯಲ್ಲಿರುವ 'ಓಜ' ಎಂಬುದಕ್ಕೆ ಗುರು, ಉಪಾಧ್ಯಾಯ ಎಂದು ಅರ್ಥ. ಶಿಲ್ಪಿಗೆ ಅಂದಿನ ಕನ್ನಡದಲ್ಲಿ 'ರೂವಾರಿ' ಎಂಬ ಚೆಲುವಾದ ಹೆಸರಿತ್ತು, ರೂಪವನ್ನು ಮಾಡುವವನು.

ಹೆಸರು ಬರೆದುದು ಅವಿನಯವೆ? ಅಳತೆಯ ಸೂತ್ರವನ್ನು ಹಿಡಿದು ನೋಡಿದರೆ ಉತ್ತರ ಸುಲಭ. ದಾಸೋಜನು ದೇವಾಲಯವನ್ನು ತಾನೇ ಕಟ್ಟಿದೆನೆಂದು ಎಲ್ಲಿಯೂ ಬರೆಯಲಿಲ್ಲ. ತಾನು ಕಡೆದ ಬೊಂಬೆಯ ಕೆಳಗೆ ತನ್ನ ಹೆಸರನ್ನು ಬರೆದನು. ಪಕ್ಕದ ಬೊಂಬೆಯ ಕೆಳಗೆ ಅದನ್ನು ಕಡೆದವನು ಬರೆದನು. ಹಕ್ಕೂ ಕೆಲಸವೂ ಒಂದೇ ಅಳತೆಯಲ್ಲಿವೆ. ಅಲ್ಲದೆ ಹೆಸರು ಇರುವುದು ವಿಗ್ರಹದ ಪಾದದ ಬಳಿಯಲ್ಲಿ. ಮುಖವನ್ನು ನೋಡುತ್ತ ನಿಂತವರಿಗೆ ಆ ಅಕ್ಷರಗಳು ಕಾಣಿಸುವುದೇ ಕಷ್ಟ. ಹುಡುಕಿದವರಿಗೆ ಮಾತ್ರ ಸಿಗುತ್ತವೆ. ಅವರು ಬರೆಯದೆ ಹೋಗಿದ್ದರೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನೂ ಎಣಿಸಬೇಕು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟವಾಗಿ ಹೊರತಂದರು. ಅವರ ಅನಂತರ ಮೈಸೂರಿನ ಪ್ರಾಕ್ತನ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯವನ್ನು ಕುರಿತೇ 1919ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹೀಗೆ ಹುಡುಕುವವರಿಗೆ ಸಿಕ್ಕುವಂತೆ ಈ ಹೆಸರುಗಳು ಕಲ್ಲಿನಲ್ಲಿ ಇದ್ದುದರಿಂದ, ಯಾವ ಊರಿನವರು ಎಲ್ಲಿಗೆ ಬಂದು ದುಡಿದರು, ಯಾರ ಕೈಯ ಗೆರೆ ಹೇಗಿತ್ತು ಎಂಬುದನ್ನು ವಿದ್ವಾಂಸರು ಹೇಳಬಲ್ಲವರಾದರು. ಕಲ್ಲನ್ನು ಗಣಿಯಿಂದ ಹೊತ್ತು ತಂದವರು, ಮೇಲಕ್ಕೆತ್ತಿದವರು, ಉಳಿಯನ್ನು ಮಸೆದುಕೊಟ್ಟವರು ನೂರಾರು ಮಂದಿ ಇದ್ದಿರಲೇಬೇಕು. ಅವರ ಹೆಸರುಗಳು ಎಲ್ಲಿಯೂ ಇಲ್ಲ. ಅದನ್ನು ಅವರ ವಿನಯವೆಂದು ಹೊಗಳುವುದು ಸರಿಯಲ್ಲ. ಬರೆಯುವ ಅವಕಾಶ ಅವರಿಗೆ ಬರಲಿಲ್ಲ, ಅಷ್ಟೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೇಲೂರಿನ ರೂವಾರಿಗಳು ಹೆಸರಿನ ಜೊತೆಗೆ ಬಿರುದುಗಳನ್ನೂ ಬರೆದುಕೊಂಡಿದ್ದಾರೆ. ಚಾವಣನ ಬಿರುದಿನ ತಾತ್ಪರ್ಯ ಇದು: ಬಿರುದು ಹೊತ್ತ ಇತರ ರೂವಾರಿಗಳೆಲ್ಲ ಮನ್ಮಥರಾದರೆ ಇವನು ಅವರ ಪಾಲಿಗೆ ಶಿವ. ಮನ್ಮಥನಿಗೆ ಶಿವನಿಂದ ಏನಾಯಿತೆಂಬುದು ಎಲ್ಲರಿಗೂ ತಿಳಿದುದೇ. ಮೂರನೆಯ ಕಣ್ಣು ತೆರೆದುದೇ ತಡ, ಬೂದಿ! ಎದುರಾಳಿಗಳನ್ನು ಸುಟ್ಟು ಬೂದಿಮಾಡುವೆನೆನ್ನುವ ಈ ಮಾತನ್ನು 'ಮಾಡೆಸ್ಟ್' ಎನ್ನಲು ಯಾವ ನಿಘಂಟೂ ಒಪ್ಪುವುದಿಲ್ಲ. ಅದು ಬಿರುದುಗಳ ಕಾಲವೆಂಬುದು ನಿಜ. ದೊರೆಗೂ ದಂಡನಾಯಕನಿಗೂ ಕವಿಗೂ ಬಿರುದುಗಳಿದ್ದಾಗ ರೂವಾರಿಗೆ ಏಕಿರಬಾರದು ಎಂದು ಅವರ ಪರವಾಗಿ ವಾದಿಸಬಹುದು. ಆದರೂ ಬಿರುದುಗಳಲ್ಲಿಯೇ ಎರಡು ಬಗೆಗಳಿವೆ. ಚೋಳರಿಂದ ತಲಕಾಡನ್ನು ಗೆದ್ದುಕೊಂಡ ವಿಷ್ಣುವರ್ಧನನು 'ತಲಕಾಡುಗೊಂಡ' ಎನಿಸಿಕೊಂಡನು. ನಡೆದ ಕಾರ್ಯ ಎಷ್ಟೋ ಬಿರುದೂ ಅಷ್ಟೇ. ಚಾವಣನ ಬಿರುದಿಗೆ ಅಂಥ ಅಳತೆಗೋಲಿಲ್ಲ. ಬೂದಿಯಾದ ರೂವಾರಿ ಯಾರು? ಅವನ ಪಕ್ಕದಲ್ಲಿಯೇ ಇತರರು ನಿಂತು ಕಡೆಯುತ್ತಿದ್ದರು, ಅವರ ಬೊಂಬೆಗಳೂ ಇವನವುಗಳಷ್ಟೇ ಚೆನ್ನಾಗಿ ಇಂದಿಗೂ ನಿಂತಿವೆ.

ಶಾಸನಗಳು ಹೇಳುವ ತಂದೆಮಕ್ಕಳ ಕಥೆ ಇದಾದರೆ, ಜನರು ಹೇಳುವ ತಂದೆಮಕ್ಕಳ ಕಥೆ ಇನ್ನೊಂದಿದೆ. ಅದು ಜಕಣಾಚಾರಿಯದು. ಬೇಲೂರಿನ ಶಿಲ್ಪಿಗಳ ಬರಹಗಳಲ್ಲಿ ಜಕಣಾಚಾರಿಯ ಹೆಸರು ಕಾಣುವುದಿಲ್ಲ. ಆದರೆ ಕನ್ನಡ ನಾಡಿನಲ್ಲಿ ದಾಸೋಜನನ್ನು ಬಲ್ಲವರು ಎಷ್ಟು ಮಂದಿ? ಜಕಣಾಚಾರಿಯನ್ನು ಅರಿಯದವರಾರು? 1964ರಲ್ಲಿ ಬಣ್ಣದಲ್ಲಿ ತಯಾರಾದ ಮೊದಲ ಕನ್ನಡ ಚಲನಚಿತ್ರವೇ 'ಅಮರಶಿಲ್ಪಿ ಜಕಣಾಚಾರಿ'. ಕರ್ನಾಟಕ ಸರ್ಕಾರವು ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಅವನದೇ ಹೆಸರು. ಇತಿಹಾಸದಲ್ಲಿ ಇಲ್ಲದವನು ಜನಮನದಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಅವನ ಕಥೆಯೇ ಕಾರಣ.

ಕ್ರೀಡಾಪುರದ ಜಕಣಾಚಾರಿಯು ಕಲೆಯ ಹುಚ್ಚಿನಲ್ಲಿ ಮನೆಯನ್ನೂ ಗರ್ಭಿಣಿಯಾದ ಹೆಂಡತಿಯನ್ನೂ ಬಿಟ್ಟು ಹೊರಟವನು, ಊರೂರು ಸುತ್ತಿ ಕೊನೆಗೆ ಬೇಲೂರಿಗೆ ಬಂದು ದೇವಾಲಯದ ಕೆಲಸದಲ್ಲಿ ಮೈಮರೆತನು. ಮಗ ಡಂಕಣನು ಬೆಳೆದು, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದನು. ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹವೊಂದನ್ನು ನೋಡಿ, ಅದರ ಕಲ್ಲಿನಲ್ಲಿ ದೋಷವಿದೆ ಎಂದನು. ಅವನು ಯಾರೆಂಬುದು ಜಕಣಾಚಾರಿಗೆ ತಿಳಿಯದು. ಜಕಣಾಚಾರಿಯು ತನ್ನ ತಂದೆಯೆಂಬುದು ಅವನಿಗೂ ತಿಳಿಯದು. ಹಿರಿಯ ಶಿಲ್ಪಿಗೆ ಸಿಟ್ಟು ಬಂದಿತು. ದೋಷವನ್ನು ತೋರಿಸಿಕೊಟ್ಟರೆ ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಶಪಥ ಮಾಡಿದನು. ಹುಡುಗನು ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸಿಸಿದನು. ಗಂಧವು ಎಲ್ಲ ಕಡೆಯೂ ಒಣಗಿತು. ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟು ತಟ್ಟಿದಾಗ ಒಳಗಿನ ಪೊಟರೆಯಿಂದ ನೀರೂ ಮರಳೂ ಜೀವಂತ ಕಪ್ಪೆಯೂ ಹೊರಬಂದುವು. ಜಕಣಾಚಾರಿಯು ಮಾತಿಗೆ ತಪ್ಪದೆ ಕೈಯನ್ನು ಕತ್ತರಿಸಿಕೊಂಡನು. ಆಮೇಲೆ ತಂದೆಮಕ್ಕಳ ಗುರುತು ಸಿಕ್ಕಿತು. ದೈವಾಜ್ಞೆಯಂತೆ ಅವನು ತನ್ನ ಊರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿದಾಗ ಹೋದ ಕೈ ಮತ್ತೆ ಬಂದಿತು, ಊರು ಕೈದಾಳವೆನಿಸಿತು. ತುಮಕೂರಿನ ಬಳಿ ಕೈದಾಳವೂ ಇದೆ, ಅಲ್ಲಿ ಚೆನ್ನಕೇಶವನ ಗುಡಿಯೂ ಇದೆ. ಅದನ್ನು 12ನೆಯ ಶತಮಾನದ ಮಧ್ಯಭಾಗದಲ್ಲಿ ಹೊಯ್ಸಳ ನರಸಿಂಹನ ಸಾಮಂತನೊಬ್ಬನು ಕಟ್ಟಿಸಿದನು. ಬೇಲೂರಿನ ದೇವಾಲಯದ ಅಂಗಳದಲ್ಲಿ, ರಾಣಿ ಶಾಂತಲೆಯು ಕಟ್ಟಿಸಿದಳೆನ್ನಲಾದ ಗುಡಿಯ ದೇವರನ್ನು ಜನ ಇಂದಿಗೂ ಕಪ್ಪೆ ಚೆನ್ನಿಗರಾಯ ಎಂದೇ ಕರೆಯುತ್ತಾರೆ.

ಗರ್ವಭಂಗದ ಕಥೆಯೆಂದು ಇದನ್ನು ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟಕ್ಕೇ ಬಿಟ್ಟರೆ ಕಥೆಯ ಅರ್ಧ ತಪ್ಪಿಹೋಗುತ್ತದೆ. ಜಕಣಾಚಾರಿಯು ತಾನು ಒಳ್ಳೆಯ ಶಿಲ್ಪಿಯೆಂದು ಹೇಳಿದ್ದರೆ ಅದು ಗರ್ವವಾಗುತ್ತಿರಲಿಲ್ಲ, ಅದು ನಿಜವಾಗಿತ್ತು. ಕಲ್ಲಿನ ಹೊರಮೈಯನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಕಲ್ಲಿನ ಒಳಗೂ ತನಗೆ ಕಾಣುತ್ತದೆ, ನೋಡಿ ಪರೀಕ್ಷಿಸಬೇಕಾದ ಅಗತ್ಯವೇ ಇಲ್ಲ ಎಂದುಕೊಂಡದ್ದು ಅಳತೆ ಮೀರಿದ ಮಾತು. ಅವನ ಶಪಥವಂತೂ ದೋಷದ ಅಳತೆಯನ್ನೂ ಮೀರಿತು: ಒಂದು ಕಲ್ಲಿನ ಪೊಟರೆಗೆ ಒಂದು ಕೈಯೆ?

ಇನ್ನು ಡಂಕಣ. ಅವನನ್ನು ವಿನಯಶೀಲನೆಂದು ಯಾರೂ ಹೊಗಳುವುದಿಲ್ಲ. ಹಿರಿಯರ ಎದುರು ಬಾಯಿಬಿಟ್ಟ ಹುಡುಗ, ಅಪರಿಚಿತ, ಮೀಸೆ ಚಿಗುರದವನು. 'ನಮ್ರ' ಎಂಬ ಮಾತು ಅವನಿಗೆ ಒಪ್ಪುವುದಿಲ್ಲ, ಅವನು ಬಾಗಲಿಲ್ಲ. 'ಶೈ' ಎಂಬುದಂತೂ ಒಪ್ಪುವುದೇ ಇಲ್ಲ. ಆದರೆ ಅವನು ಹೇಳಿದುದೆಷ್ಟು ಎಂಬುದನ್ನು ನೋಡಿ. ತಾನು ಜಕಣಾಚಾರಿಗಿಂತ ದೊಡ್ಡ ಶಿಲ್ಪಿಯೆಂದು ಹೇಳಲಿಲ್ಲ. ಇಡೀ ವಿಗ್ರಹ ಕೆಟ್ಟಿದೆ ಎನ್ನಲಿಲ್ಲ. ಈ ಕಲ್ಲಿನಲ್ಲಿ ದೋಷವಿದೆ ಎಂದನು. ತನ್ನ ಮಾತನ್ನು ನಂಬಿರೆಂದು ಹಠ ಹಿಡಿಯದೆ ಗಂಧದ ಪರೀಕ್ಷೆಗೆ ಒಡ್ಡಿದನು. ಒಣಗಿದ ಕಡೆಯೆಲ್ಲ ಹಿರಿಯನ ಮಾತು ನಿಂತಿತು, ಒಣಗದ ಒಂದು ಕಡೆ ಕಿರಿಯನ ಮಾತು ನಿಂತಿತು. ತಿಳಿದುದಕ್ಕಿಂತ ಒಂದು ಅಂಗುಲವೂ ಹೆಚ್ಚಿಗೆ ಹೇಳದ, ತಿಳಿದುದನ್ನು ಒಂದು ಅಂಗುಲವೂ ನುಂಗದ ಆ ಹುಡುಗನಿಗೆ ಇಂಗ್ಲಿಷಿನ 'ಮಾಡೆಸ್ಟ್' ಎಂಬ ಮಾತು, ಅದರ ಬೇರಿನ ಅರ್ಥದಲ್ಲಿ, ಹೊಲಿಸಿದ ಅಂಗಿಯಂತೆ ಹೊಂದುತ್ತದೆ.

ಚಾವಣನ ವಿಷಯ ಇಷ್ಟು ಸುಲಭವಲ್ಲ. 'ಚಾವಣ ವಾಸ್ ಮಾಡೆಸ್ಟ್' ಎಂದು ವಿದ್ಯಾರ್ಥಿಯೊಬ್ಬನು ವಾಕ್ಯ ಮಾಡಿದರೆ, ಅಧ್ಯಾಪಕರು ಅದರ ಮುಂದೆ ಕೆಂಪು ಶಾಯಿಯಲ್ಲಿ 'ಅಬೌಟ್ ವಾಟ್?' ಎಂದು ಬರೆಯಬಹುದು. ಬಿರುದಿನ ವಿಷಯದಲ್ಲಿ ಖಂಡಿತ ಅಲ್ಲ. ಹೆಸರಿನ ವಿಷಯದಲ್ಲಿಯಾದರೆ ಆ ವಾಕ್ಯ ನಿಂತೀತು. ಮನ್ಮಥರಂಥ ರೂವಾರಿಗಳನ್ನೆಲ್ಲ ಸುಡಬಲ್ಲೆನೆಂದ ಅವನು ತನ್ನ ಗುರುತನ್ನು ಹೇಳಿಕೊಂಡಿರುವುದು ಬಳ್ಳಿಗಾವೆಯ ದಾಸೋಜನ ಮಗನೆಂದು.